ಬಸ್ಸು ರದ್ದು ಮಾಡಿದವರೂ ದಂಡ ಕಟ್ಟಲಿ

ಕಳೆದ ಚೌತಿಗೆ ಎರಡು ದಿನ ಇತ್ತು. ಸಂಜೆ 4 ಗಂಟೆ 20 ನಿಮಿಷಕ್ಕೆ ಮೊಬೈಲಿಗೆ ಮೆಸೇಜು ಬಂತು: ರಾತ್ರಿ 9.45ಕ್ಕೆ ಆನಂದರಾವ್ ಸರ್ಕಲ್‌ನಿಂದ ಶಿರಸಿಗೆ ಹೊರಡಬೇಕಿದ್ದ ಬಸ್ಸು ‘ಕಾರ್ಯಾಚರಣೆಯ ಕಾರಣದಿಂದ’ ರದ್ದಾಗಿದೆ. ನನಗೂ ಮಗಳಿಗೂ ಎರಡು ಸ್ಲೀಪರ್ ಸೀಟನ್ನು ತಲಾ 780 ರೂಪಾಯಿ ಕೊಟ್ಟು ನಲವತ್ತು ದಿನ ಮೊದಲೇ ಬುಕ್ ಮಾಡಿದ್ದೆ. ಗಾಬರಿಯಲ್ಲಿ ಬುಕ್ ಮಾಡಿದ್ದ ಆ್ಯಪ್ ತೆರೆದರೆ, ಅದೇ ರಾತ್ರಿ ಶಿರಸಿಗೆ ಉಳಿದಿದ್ದ ಸೀಟುಗಳ ದರ 1,900ರಿಂದ ಶುರುವಾಗುತ್ತಿತ್ತು.

ಶಿರಸಿಯ ಸರಕಾರಿ ಬಸ್ಸುಗಳೆಲ್ಲ ಭರ್ತಿ. ಮೆಜೆಸ್ಟಿಕ್‌ನಲ್ಲಿ ಶಿವಮೊಗ್ಗದ ಬಸ್ಸು ಹತ್ತಿದೆವು. ಮಗಳನ್ನು ಬ್ಯಾಗಿನ ಮೇಲೆ ಕೂರಿಸಿ ತರೀಕೆರೆವರೆಗೆ ನಾನು ನಿಂತೇ ಬಂದೆ. ಶಿವಮೊಗ್ಗದಿಂದ ಸಾಗರ, ಸಾಗರದಿಂದ ಇನ್ನೊಂದು ಬಸ್ಸು. ಮನೆ ಮುಟ್ಟುವಾಗ ಮಧ್ಯಾಹ್ನ ದಾಟಿತ್ತು, ಚಕ್ಕುಲಿ ಕಂಬಳವೂ ಮುಗಿದಿತ್ತು. ಚೌತಿಯ ಮುಂಚೆ ಅಕ್ಕಪಕ್ಕದ ಮನೆಯವರೆಲ್ಲ ಒಂದು ಕಡೆ ಕೂತು, ಒರಳಿನ ಹಂಗಿಲ್ಲದೆ ಬೆರಳಲ್ಲೇ ಹಿಟ್ಟು ಹೊಸೆದು ಚಕ್ಕುಲಿ ಸುತ್ತುವುದು ನಮ್ಮ ಕಡೆಯ ರೂಢಿ. ಈ ಸಲ ಮೊಮ್ಮಗಳಿಗೆ ಕೈಹಿಡಿದು ಕಲಿಸಬೇಕೆಂದು ಆಯಿ ಅವಳಿಗಾಗಿಯೇ ಒಂದು ಮಣೆ ತೆಗೆದಿಟ್ಟಿದ್ದಳು. ಆಯಿಗೆ ಈಗ 78. ಬೆರಳು ನಡುಗಲು ಶುರುವಾಗಿದೆ.

ಆ್ಯಪ್‌ನ ಸಹಾಯವಾಣಿಗೆ ಫೋನು ಮಾಡಿದಾಗ ಹುಡುಗಿ ಸೌಮ್ಯವಾಗಿಯೇ ಮಾತಾಡಿದಳು. ‘ಮೇಡಂ, ರಿಫಂಡ್ ಹಾಕಿದ್ದೇವೆ, ಏಳು ದಿನದಲ್ಲಿ ಬರುತ್ತೆ.’ ಬುಕಿಂಗ್ ಶುಲ್ಕ? ಅದು ಬರುವುದಿಲ್ಲವಂತೆ. ನನ್ನ ಪರದಾಟಕ್ಕೆ ಹೊಣೆ ಯಾರು? ‘ನಾವು ಮಧ್ಯವರ್ತಿಗಳಷ್ಟೇ, ಬಸ್ಸಿನವರನ್ನು ಕೇಳಿ.’ ಬಸ್ಸಿನವರು ಆ್ಯಪ್‌ನವರನ್ನು ಕೇಳಿ ಎಂದರು. ಆ ಹುಡುಗಿಯ ಮೇಲೆ ನನಗೆ ಸಿಟ್ಟಿಲ್ಲ, ಅವಳಿಗೆ ಕೊಟ್ಟ ಮಾತುಗಳೇ ಅಷ್ಟು.

ಅದೇ ಟಿಕೆಟ್ಟಿನ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಪಟ್ಟಿ ಇದೆ. ಪ್ರಯಾಣಿಕರು ಹೊರಡುವ ಹನ್ನೆರಡು ತಾಸಿನೊಳಗೆ ರದ್ದು ಮಾಡಿದರೆ ಒಂದು ಪೈಸೆಯೂ ವಾಪಸಿಲ್ಲ. 4.20ಕ್ಕೆ ನಾನೇ ರದ್ದು ಮಾಡಿದ್ದರೆ ನನ್ನ 1,560 ರೂಪಾಯಿ ಪೂರಾ ಹೋಗುತ್ತಿತ್ತು. ಅವರು ರದ್ದು ಮಾಡಿದಾಗ ನನ್ನ ದುಡ್ಡನ್ನೇ ವಾರ ಬಿಟ್ಟು ನನಗೆ ಕೊಟ್ಟು ಕೈ ತೊಳೆದುಕೊಂಡರು. ಇದು ಪರಿಹಾರ ಹೇಗಾಗುತ್ತದೆ?

ಕಾನೂನೂ ಇದನ್ನು ಒಪ್ಪುವುದಿಲ್ಲ ಎಂದು ಆಮೇಲೆ ಓದಿ ತಿಳಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ 2020ರ ಜುಲೈನಲ್ಲಿ ಇ-ಕಾಮರ್ಸ್ ನಿಯಮಗಳು ಬಂದವು. ಅವುಗಳ 4ನೇ ನಿಯಮದ 8ನೇ ಉಪನಿಯಮ ಹೇಳುವುದು ಇಷ್ಟು: ಖರೀದಿ ಖಚಿತವಾದ ಮೇಲೆ ಆನ್‌ಲೈನ್ ಕಂಪನಿ ತಾನೇ ಏಕಪಕ್ಷೀಯವಾಗಿ ರದ್ದು ಮಾಡಿದಾಗ ಅಂಥದೇ ಶುಲ್ಕ ಹೊರುವುದಾದರೆ ಮಾತ್ರ, ಗ್ರಾಹಕರಿಂದ ರದ್ದತಿ ಶುಲ್ಕ ವಸೂಲು ಮಾಡಬಹುದು. ನಿಯಮ ಸರಕಿಗೂ ಸೇವೆಗೂ ಅನ್ವಯ. ದೂರನ್ನು 48 ತಾಸಿನಲ್ಲಿ ಸ್ವೀಕರಿಸಿ ಒಂದು ತಿಂಗಳಲ್ಲಿ ಇತ್ಯರ್ಥ ಮಾಡಲು ದೂರು ಅಧಿಕಾರಿ ಇರಬೇಕೆಂದೂ ಅಲ್ಲಿದೆ. ಇಷ್ಟು ಸ್ಪಷ್ಟ ನಿಯಮ ಇದ್ದರೂ ನನ್ನ ಟಿಕೆಟ್ಟಿನ ಪಟ್ಟಿಯಲ್ಲಿ ‘ನಾವು ರದ್ದು ಮಾಡಿದರೆ’ ಎಂಬ ಕಾಲಮ್ಮೇ ಇರಲಿಲ್ಲ.

ವಿಮಾನದವರ ವಿಷಯದಲ್ಲಿ ಇಷ್ಟು ಕುರುಡಿಲ್ಲ. ಮುಂಚಿತವಾಗಿ ತಿಳಿಸದೆ, ಕಂಪನಿಯದೇ ಕಾರಣಕ್ಕೆ ವಿಮಾನ ರದ್ದಾದರೆ, ಟಿಕೆಟ್ ದುಡ್ಡು ಅಥವಾ ಬದಲಿ ವಿಮಾನದ ಜೊತೆಗೆ ಪ್ರಯಾಣದ ಅವಧಿ ನೋಡಿ 10,000 ರೂಪಾಯಿವರೆಗೂ ಪರಿಹಾರ ಎಂದು ವಿಮಾನಯಾನ ಮಹಾನಿರ್ದೇಶನಾಲಯ ನಿಗದಿ ಮಾಡಿದೆ. ಹಬ್ಬಕ್ಕೆ ಊರಿಗೆ ಹೋಗುವವರಲ್ಲಿ ಹೆಚ್ಚಿನವರು ಬಸ್ಸಿನ ಪ್ರಯಾಣಿಕರು. ಅವರಿಗೂ ಅಂಥದೊಂದು ಮೊತ್ತ ಗೊತ್ತುಮಾಡಬೇಕು. ಗ್ರಾಹಕರಿಗೆ ಹಾಕುವ ಪಟ್ಟಿಯನ್ನೇ ಕಂಪನಿಗೂ ಹಾಕಿ, ಕೇಳುವ ಮೊದಲೇ ಖಾತೆಗೆ ಬೀಳುವಂತೆ ಮಾಡಿದರೆ, ಹಬ್ಬದ ಮುನ್ನಾದಿನ ಅಗ್ಗದ ಸೀಟು ರದ್ದು ಮಾಡುವ ಆಸೆ ಯಾರಿಗೂ ಬರಲಾರದು. ಬಸ್ಸು ನಿಜವಾಗಿ ಕೆಟ್ಟು ನಿಂತಿದ್ದರೆ ಬದಲಿ ಬಸ್ಸು ಕೊಡಲಿ. ಅದಕ್ಕೆ ಯಾರೂ ಬೇಡ ಎನ್ನುವುದಿಲ್ಲ.

ನಾನು ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟೆ. ಬುಕಿಂಗ್ ಶುಲ್ಕ ವಾಪಸು ಬಂತು, ಜೊತೆಗೆ 200 ರೂಪಾಯಿಯ ಕೂಪನ್. ಕೂಪನ್ ಬೇಡವೆಂದು ಬರೆದೆ. ಈಗ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಿದ್ದೇನೆ. ಕಂಪನಿಯ ಕಚೇರಿ ಎಲ್ಲೇ ಇರಲಿ, ನಾವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಎರಡು ವರ್ಷದೊಳಗೆ ಕೊಡಬೇಕು. 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. 4.20ರ ಮೆಸೇಜು, 1,900ರ ದರ ತೋರಿಸುವ ಸ್ಕ್ರೀನ್‌ಶಾಟ್, ಮೂರು ಬಸ್ಸಿನ ಟಿಕೆಟ್ಟು, ಎಲ್ಲವನ್ನೂ ಲಗತ್ತಿಸಿದ್ದೇನೆ. ಮಾನಸಿಕ ಹಿಂಸೆಯ ವಿವರ ಬರೆಯಬೇಕಾದಲ್ಲಿ ಚಕ್ಕುಲಿ ಕಂಬಳ ತಪ್ಪಿದ್ದನ್ನು, ಆಯಿ ತೆಗೆದಿಟ್ಟ ಮಣೆಯನ್ನು ಇದ್ದ ಹಾಗೇ ಬರೆದಿದ್ದೇನೆ.