ಮರೆಯಾದ ಟೂಲ್‌ಬಾರು

ಅಡುಗೆಮನೆಯಲ್ಲಿ ಒಗ್ಗರಣೆ ಡಬ್ಬಿ ಕಾಣದಿದ್ದರೆ ಗೃಹಿಣಿ ಮೊದಲು ಅದನ್ನು ಹುಡುಕುತ್ತಾಳೆ. ಒಲೆಯನ್ನೇ ಕಿತ್ತು ಹೊಸದಾಗಿ ಹೂಡಲು ಹೊರಡುವುದಿಲ್ಲ. ಕಂಪ್ಯೂಟರಿನ ಮುಂದೆ ಕುಳಿತವರಿಗೆ ಮಾತ್ರ ಈ ವಿವೇಕ ಅನೇಕ ವೇಳೆ ಕೈಕೊಡುತ್ತದೆ. ಪತ್ರ ಬರೆಯುತ್ತಿರುವಾಗ ಅಕ್ಷರವನ್ನು ದಪ್ಪಗೊಳಿಸುವ, ಕಾಗದಕ್ಕೆ ಮುದ್ರಿಸುವ ಗುಂಡಿಗಳ ಸಾಲು, ಅಂದರೆ ಟೂಲ್‌ಬಾರು, ಥಟ್ಟನೆ ಮಾಯವಾಯಿತೆನ್ನಿ. ಕೆಟ್ಟಿತೆಂಬ ತೀರ್ಮಾನ ಮೊದಲು. ಎಲ್ಲವನ್ನೂ ಅಳಿಸಿ ಮತ್ತೆ ಹಾಕಿಸುವ ಆತುರ ಅನಂತರ.

ವಾಸ್ತವವಾಗಿ ಟೂಲ್‌ಬಾರು ಕೆಡುವುದು ಅಪೂರ್ವ, ಮರೆಯಾಗುವುದು ಸಾಮಾನ್ಯ. ಮರೆಮಾಡುವ ಈ ಗುಣವನ್ನು ಕೊಟ್ಟವರು ತಂತ್ರಾಂಶದ ಕರ್ತೃಗಳೇ. 1999ರಲ್ಲಿ ಮೈಕ್ರೋಸಾಫ್ಟ್ ಹೊರತಂದ ಆಫೀಸ್ 2000, ಹೆಚ್ಚು ಬಳಸದ ಆದೇಶಗಳನ್ನು ಮೆನುವಿನಿಂದ ತಾನಾಗಿಯೇ ಮರೆಗೆ ಸರಿಸುತ್ತಿತ್ತು. ಎರಡು ಟೂಲ್‌ಬಾರುಗಳನ್ನು ಒಂದೇ ಸಾಲಿಗೆ ತುರುಕಿ, ಹಿಡಿಸದ ಗುಂಡಿಗಳನ್ನು ಅಂಚಿನ ಜೋಡಿ ಬಾಣದ ಹಿಂದೆ ಇರಿಸುತ್ತಿತ್ತು. ಉದ್ದೇಶವೇನೋ ಒಳ್ಳೆಯದೇ. ಆದರೆ ಕೈಗೆ ನೆನಪಿರುವುದು ಸ್ಥಾನ. ಅದು ದಿನಕ್ಕೊಂದಾದರೆ ಪಳಗಿದ ಕೈಯೂ ತಡವರಿಸುತ್ತದೆ.

2007ರ ಆವೃತ್ತಿಯಲ್ಲಿ ವರ್ಡ್, ಎಕ್ಸೆಲ್‌ಗಳ ಹಳೆಯ ಮೆನು, ಟೂಲ್‌ಬಾರುಗಳ ಸ್ಥಾನಕ್ಕೆ 'ರಿಬ್ಬನ್' ಎಂಬ ಅಗಲವಾದ ಪಟ್ಟಿ ಬಂದಿತು. ಅದೂ ಅಡಗಬಲ್ಲದು. ಹೋಮ್, ಇನ್ಸರ್ಟ್ ಮುಂತಾದ ಹೆಸರುಗಳ ಮೇಲೆ ಮೌಸನ್ನು ಅರಿಯದೆ ಎರಡು ಸಲ ಒತ್ತಿದರೆ ಪಟ್ಟಿ ಮಡಚಿಕೊಂಡು ಹೆಸರುಗಳಷ್ಟೇ ಉಳಿಯುತ್ತವೆ. ಮತ್ತೆರಡು ಸಲ ಒತ್ತಿದರೆ, ಇಲ್ಲವೆ ಕಂಟ್ರೋಲ್ ಕೀಲಿಯೊಡನೆ ಎಫ್1 ಒತ್ತಿದರೆ, ಬಿಚ್ಚಿಕೊಳ್ಳುತ್ತದೆ.

ಉಚಿತವಾಗಿ ದೊರೆಯುವ ಲಿಬ್ರೆ ಆಫೀಸಿನಲ್ಲಿ ವ್ಯೂ ಮೆನುವಿನ ಟೂಲ್‌ಬಾರ್ಸ್ ಎಂಬಲ್ಲಿ ಸ್ಟ್ಯಾಂಡರ್ಡ್, ಫಾರ್ಮ್ಯಾಟಿಂಗ್ ಎಂಬ ಹೆಸರುಗಳಿಗೆ ಗುರುತು ಬಿದ್ದಿದೆಯೇ ಎಂದು ನೋಡಬೇಕು. ಮೆನುಗಳೂ ಕಾಣದಿದ್ದರೆ ಬರಹದ ಪುಟ ಇಡೀ ಪರದೆಯನ್ನು ಆವರಿಸಿರಬಹುದು. ಕಂಟ್ರೋಲ್, ಶಿಫ್ಟ್, ಜೆ ಮೂರನ್ನೂ ಒಟ್ಟಿಗೆ ಒತ್ತಿದರೆ ಹಿಂದಿನ ಸ್ಥಿತಿ ಮರಳುತ್ತದೆ. ಕೆಲವು ಗುಂಡಿಗಳು ಮಾತ್ರ ಕಾಣೆಯಾಗಿ ಬಲತುದಿಯಲ್ಲಿ ಜೋಡಿ ಬಾಣವಿದ್ದರೆ ಕಿಟಕಿ ಕಿರಿದಾಗಿದೆಯೆಂದರ್ಥ; ಅಗಲಿಸಿದರೆ ಸಾಕು.

ಇಷ್ಟಕ್ಕೂ ಬಗ್ಗದಿದ್ದರೆ ಕೊನೆಯ ಮದ್ದು ಹೆಲ್ಪ್ ಮೆನುವಿನಲ್ಲಿರುವ ಸೇಫ್ ಮೋಡ್. ಅಲ್ಲಿ ಮೂಲಸ್ಥಿತಿಗೆ ಮರಳಲು ಎರಡು ದಾರಿಗಳುಂಟು. ವಾಚಕರು ಎಚ್ಚರ ವಹಿಸಬೇಕಾದ ಸ್ಥಳ ಇದೇ. ಒಂದು, ಸೆಟ್ಟಿಂಗುಗಳನ್ನೂ ಪರದೆಯ ಜೋಡಣೆಯ ಬದಲಾವಣೆಗಳನ್ನೂ ಮಾತ್ರ ತೊಡೆಯುತ್ತದೆ. ಇನ್ನೊಂದು, ಬಳಸುವವರ ಇಡೀ ಪ್ರೊಫೈಲನ್ನು ತೊಡೆಯುತ್ತದೆ. ಕೆಂಪು ಗೆರೆ ಬಿದ್ದಾಗಲೆಲ್ಲ "ಇದು ತಪ್ಪಲ್ಲ" ಎಂದು ಯಂತ್ರಕ್ಕೆ ಕಲಿಸಿ ಸ್ವಂತ ನಿಘಂಟಿಗೆ ಸೇರಿಸಿದ ಊರ ಹೆಸರು, ಮನೆತನದ ಹೆಸರು, ಕನ್ನಡದ ಸಮಾಸಪದಗಳು ಇರುವುದು ಆ ಪ್ರೊಫೈಲಿನಲ್ಲಿಯೇ. ವರ್ಷಗಳ ಆ ಸಂಗ್ರಹವನ್ನು ಒಂದು ಸಾಲು ಗುಂಡಿಗಾಗಿ ಕಳೆದುಕೊಳ್ಳುವುದೆಂದರೆ ನೆಗಡಿ ಬಂತೆಂದು ಮೂಗು ಕೊಯ್ದುಕೊಂಡಂತೆ.

ಆದಕಾರಣ ಮೊದಲು ಹುಡುಕಾಟ, ಆಮೇಲೆ ಸಣ್ಣ ಮದ್ದು. ಇಡೀ ಪ್ರೊಫೈಲನ್ನು ತೊಡೆಯುವುದೇ ಅನಿವಾರ್ಯವಾದರೆ, ಅದನ್ನು ಜಿಪ್ ಕಡತವಾಗಿ ಕಟ್ಟಿಡುವ ಅನುಕೂಲವೂ ಅದೇ ಸೇಫ್ ಮೋಡಿನಲ್ಲಿದೆ. ಮೊದಲು ಅದನ್ನು ಕಟ್ಟಿಟ್ಟು ಅನಂತರ ಮುಂದುವರಿಯುವುದು ಕ್ಷೇಮ.