ಕಾಡ್ಗಿಚ್ಚು ನಂದಿಸುವ ಕೆಲಸಕ್ಕೆ ಗಡಿಯ ಮಕ್ಕಳ ದಾರಿ

ಬೇಸಿಗೆ ಬಂತೆಂದರೆ ನಲ್ಲಮಲದ ಅಮ್ರಾಬಾದ್ ಹುಲಿ ಮೀಸಲು ಪ್ರದೇಶದಿಂದ ಕಾಡ್ಗಿಚ್ಚಿನ ಸುದ್ದಿ ಬರುತ್ತದೆ. ಅದನ್ನು ನಂದಿಸಲು ಅಮೆರಿಕದಲ್ಲಿರುವಂತಹ ಪ್ರತ್ಯೇಕ ವೃತ್ತಿಪಡೆ ನಮ್ಮಲ್ಲಿಲ್ಲ. ಆ ಹೊಣೆ ಅರಣ್ಯ ಬೀಟ್ ಅಧಿಕಾರಿಗಳದು, ದಿನಗೂಲಿ ಕಾವಲುಗಾರರದು. ಹಸಿಸೊಪ್ಪಿನಿಂದ ಬಡಿಯುವುದು, ಬೆಂಕಿರೇಖೆ ತೆಗೆಯುವುದು, ಗಾಳಿಯ ದಿಕ್ಕರಿತು ಎದುರುಬೆಂಕಿ ಹಚ್ಚುವುದು ತರಬೇತಿಯಿಲ್ಲದೆ ಬರುವ ವಿದ್ಯೆಯಲ್ಲ. 2017ರ ಫೆಬ್ರವರಿಯಲ್ಲಿ ಬಂಡೀಪುರದ ಬೆಂಕಿಯಲ್ಲಿ ಅರಣ್ಯ ರಕ್ಷಕ ಮುರಿಗೆಪ್ಪ ಪ್ರಾಣ ತೆತ್ತರು.

ವಡ್ಡೆಪಲ್ಲಿಯ ವಿದ್ಯಾರ್ಥಿಗೆ ಈ ಕೆಲಸದ ದಾರಿ ಯಾವುದು? 2017ರ ಬೀಟ್ ಅಧಿಕಾರಿ ನೇಮಕಾತಿಯಲ್ಲಿ ಕೇಳಿದ್ದು ಇಂಟರ್‌ಮೀಡಿಯೆಟ್, ಲಿಖಿತ ಪರೀಕ್ಷೆ, ನಾಲ್ಕು ಗಂಟೆಯಲ್ಲಿ ಪುರುಷರಿಗೆ 25 ಕಿ.ಮೀ., ಮಹಿಳೆಯರಿಗೆ 16 ಕಿ.ಮೀ. ನಡಿಗೆ. ಆಯ್ಕೆಯಾದ ಮೇಲೆ ಹೈದರಾಬಾದ್ ಬಳಿಯ ದೂಲಪಲ್ಲಿಯ ಅರಣ್ಯ ಅಕಾಡೆಮಿಯಂತಹ ಕಡೆ ತರಬೇತಿ. ನಡಿಗೆಗೆ ನಮ್ಮ ಹೊಲದ ಮಕ್ಕಳು ಅಂಜುವವರಲ್ಲ. ತೊಡಕಿರುವುದು ಪ್ರಶ್ನೆಪತ್ರಿಕೆಯಲ್ಲಿ: ಅದು ಕನ್ನಡದಲ್ಲಿರುವುದಿಲ್ಲ. ಸಂವಿಧಾನದ 350ಎ ವಿಧಿಯು ಪ್ರಾಥಮಿಕ ಹಂತದ ಮಾತೃಭಾಷಾ ಶಿಕ್ಷಣವನ್ನಷ್ಟೇ ಹೇಳುತ್ತದೆ, ನೇಮಕಾತಿ ಪರೀಕ್ಷೆಯ ಭಾಷೆಯನ್ನಲ್ಲ. ಕನ್ನಡ ಪ್ರಶ್ನೆಪತ್ರಿಕೆಗಾಗಿ ನಾವು ಒತ್ತಾಯಿಸಲೇಬೇಕು. ಅದು ದೊರೆಯುವವರೆಗೆ, ಶಾಲೆಯಲ್ಲಿರುವಾಗಲೇ ಮಕ್ಕಳ ತೆಲುಗು ಓದುಬರಹವನ್ನು ಗಟ್ಟಿಗೊಳಿಸುವ ಪಾಲಕರನ್ನು ಕನ್ನಡಕ್ಕೆ ಬೆನ್ನು ತೋರಿದವರೆಂದು ನಾವು ಎಣಿಸುವುದಿಲ್ಲ.