ನಲವತ್ಮೂರು ಪೆಟ್ಟಿಗೆ, ಒಂದು ಅಡಮಾನ

ಶಾಲೆಯ ಪ್ರಯೋಗಶಾಲೆಯಲ್ಲಿ ಹೆಸರಿನ ಚೀಟಿ ಇಲ್ಲದ ಒಂದೇ ಒಂದು ಸೀಸೆ ಕಂಡರೂ ನಾನು ಮಕ್ಕಳನ್ನು ಸುಮ್ಮನೆ ಬಿಡುವವನಲ್ಲ. ‘ಬಣ್ಣವಿಲ್ಲದ ದ್ರವವೆಲ್ಲ ನೀರಲ್ಲ’ ಎಂಬ ನನ್ನ ಮಾತು ನಮ್ಮೂರಿನ ಮೂರು ತಲೆಮಾರಿನ ವಿದ್ಯಾರ್ಥಿಗಳಿಗೆ ಬಾಯಿಪಾಠ. ಇಂಥ ನಾನು 2011ರ ಮೇ ಕೊನೆಯಲ್ಲಿ ಬಾಡಿಗೆ ಮನೆ ಬಿಟ್ಟು ಸ್ವಂತ ಮನೆಗೆ ಬಂದಾಗ, ಲಾರಿಯಿಂದ ಇಳಿದ ನಲವತ್ಮೂರು ರಟ್ಟಿನ ಪೆಟ್ಟಿಗೆಗಳಲ್ಲಿ ಒಂದರ ಮೇಲೂ ಒಂದಕ್ಷರ ಬರೆದಿರಲಿಲ್ಲ!

ಗೃಹಪ್ರವೇಶವಾದ ಮೂರನೆಯ ಸಂಜೆ ಮಗಳು ಬಂದು ಕೇಳಿದಳು: ‘ಅಪ್ಪಾ, ನನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಟಿ.ಸಿ. ಎಲ್ಲಿ? ನಾಳೆ ಕಾಲೇಜಿಗೆ ಸೇರಲು ಕೊನೇ ದಿನ.’ ಹುಡುಕಾಟ ಶುರುವಾಯಿತು. ಪಾತ್ರೆ, ಪುಸ್ತಕ, ದೇವರ ಪಟ, ಉಪ್ಪಿನಕಾಯಿ ಜಾಡಿ, ಎಲ್ಲವೂ ಸಿಕ್ಕವು. ಬೇಕಾದದ್ದು ಮಾತ್ರ ಇಲ್ಲ. ರಾತ್ರಿ ಎರಡು ಗಂಟೆಗೆ, ಮೂವತ್ತೊಂದನೆಯ ಪೆಟ್ಟಿಗೆಯಲ್ಲಿ, ನನ್ನ ಹೆಂಡತಿಯ ಧಾರೆ ಸೀರೆಯ ಮಡಿಕೆಯೊಳಗೆ ಸಿಕ್ಕಿತು. ಭದ್ರವಾಗಿರಲೆಂದು ಅಲ್ಲಿಟ್ಟವನು ನಾನೇ. ‘ಇದೇ ತಪ್ಪನ್ನು ನಾನು ಲ್ಯಾಬಿನಲ್ಲಿ ಮಾಡಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದಿರಿ’ ಎಂದಳು ಮಗಳು. ನನ್ನಲ್ಲಿ ಉತ್ತರವಿರಲಿಲ್ಲ.

ಆದರೆ ಆ ಮನೆಯ ಸಾಲದ ಲೆಕ್ಕದಲ್ಲಿ ಮಾತ್ರ ನಾವು ಎಡವಲಿಲ್ಲ. ಕಾರಣವೂ ಅವಳೇ. ಆ ಲೆಕ್ಕವನ್ನು ಈ ವಾರ ನಿಮ್ಮ ಮುಂದಿಡುತ್ತೇನೆ. ಪೋಷಕರೂ ಮಕ್ಕಳ ಜೊತೆ ಕುಳಿತು ಓದಲಿ.

ನಾವು ಪಡೆದದ್ದು 10 ಲಕ್ಷ ರೂಪಾಯಿ. ನಮ್ಮದು ಏರಿಳಿಯುವ ಬಡ್ಡಿ ದರದ ಸಾಲ. ಇಲ್ಲಿ ಲೆಕ್ಕ ಸುಲಭವಾಗಲೆಂದು ಶೇ 9 ಎಂದಿಟ್ಟುಕೊಳ್ಳೋಣ. ವರ್ಷಕ್ಕೆ ಶೇ 9 ಎಂದರೆ ತಿಂಗಳಿಗೆ ಶೇ 0.75. 20 ವರ್ಷದ ಅವಧಿಗೆ ಮಾಸಿಕ ಕಂತು 8,997 ರೂಪಾಯಿ ಬರುತ್ತದೆ. ಮೊದಲ ತಿಂಗಳ ಬಡ್ಡಿಯೇ 7,500. ಅಸಲಿಗೆ ಹೋಗುವುದು ಬರೀ 1,497! ಮರು ತಿಂಗಳು ಬಡ್ಡಿ 11 ರೂಪಾಯಿ ಕಡಿಮೆಯಾಗುತ್ತದೆ, ಅಸಲಿಗೆ ಅಷ್ಟು ಹೆಚ್ಚು ಸೇರುತ್ತದೆ. ಹೀಗೆ ಆಮೆಯ ನಡಿಗೆ. ಹತ್ತು ವರ್ಷ ತಪ್ಪದೆ ಕಟ್ಟಿದ ಮೇಲೂ 7 ಲಕ್ಷದ 10 ಸಾವಿರ ರೂಪಾಯಿ ಬಾಕಿ ಉಳಿದಿರುತ್ತದೆ.

ವಿಜ್ಞಾನದ ವಿದ್ಯಾರ್ಥಿಗಳು ‘ಅರ್ಧಾಯುಷ್ಯ’ ಓದಿದ್ದೀರಿ. ವಿಕಿರಣಶೀಲ ಧಾತು ಅರ್ಧಕ್ಕೆ ಇಳಿಯಲು ಒಂದು ನಿಶ್ಚಿತ ಕಾಲ ಬೇಕು. ಉಳಿದರ್ಧ ಮತ್ತೆ ಅರ್ಧವಾಗಲೂ ಅಷ್ಟೇ ಕಾಲ. ಮೊದಲು ವೇಗ, ಆಮೇಲೆ ನಿಧಾನ. ಮನೆ ಸಾಲದ್ದು ಇದರ ತಿರುವುಮುರುವು. ಈ ಸಾಲದ ಮೊದಲರ್ಧ ಕರಗಲು ಸುಮಾರು 14 ವರ್ಷ ಬೇಕು, ಉಳಿದರ್ಧಕ್ಕೆ 6 ವರ್ಷ ಸಾಕು.

ಬ್ಯಾಂಕಿನಲ್ಲಿ 20 ವರ್ಷದ ಅವಧಿಯನ್ನೇ ಸೂಚಿಸಿದ್ದರು. ಕಂತು ಕಡಿಮೆ, ನನಗೂ ಆಸೆಯಾಯಿತು. ಮಗಳು ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಎರಡು ಅಂಕಣ ಎಳೆದಳು. 20 ವರ್ಷಕ್ಕೆ ಒಟ್ಟು ಬಡ್ಡಿ 11 ಲಕ್ಷದ 59 ಸಾವಿರ. 15 ವರ್ಷಕ್ಕಾದರೆ ಕಂತು 10,143, ಒಟ್ಟು ಬಡ್ಡಿ 8 ಲಕ್ಷದ 26 ಸಾವಿರ. ತಿಂಗಳಿಗೆ 1,146 ರೂಪಾಯಿ ಹೆಚ್ಚು ಕಟ್ಟಿದರೆ ಉಳಿಯುವುದು 3 ಲಕ್ಷದ 33 ಸಾವಿರ. ಆಗ ನನಗೆ 43 ವರ್ಷ, ನಿವೃತ್ತಿ 60ಕ್ಕೆ. ನನ್ನ ಹೆಂಡತಿ ಕೇಳಿದ್ದು ಒಂದೇ ಪ್ರಶ್ನೆ: ‘ಅರುವತ್ತಾದ ಮೇಲೂ ಮೂರು ವರ್ಷ ಪೆನ್ಷನ್ನಿನಲ್ಲಿ ಕಂತು ಕಟ್ಟುತ್ತೀರಾ?’ 15 ವರ್ಷಕ್ಕೇ ಸಹಿ ಹಾಕಿದೆ. ಹಳೆಯ ಸ್ಕೂಟರ್ ಇನ್ನೂ ಏಳು ವರ್ಷ ನನ್ನನ್ನು ಹೊತ್ತಿತು.

ಒಂದು ಎಚ್ಚರಿಕೆ. 2022ರ ಮೇ ತಿಂಗಳಿಂದ 2023ರ ಫೆಬ್ರುವರಿ ತನಕ ರಿಸರ್ವ್ ಬ್ಯಾಂಕಿನ ರೆಪೊ ದರ ಶೇ 4ರಿಂದ ಶೇ 6.5ಕ್ಕೆ ಏರಿತು. ಕಂತು ಅಷ್ಟೇ ಇತ್ತು, ನಾನು ನಿಶ್ಚಿಂತನಾಗಿದ್ದೆ. ಬ್ಯಾಂಕಿನ ಹೇಳಿಕೆ ತೆರೆದು ನೋಡಿದಾಗ ಸಾಲ ಮುಗಿಯುವ ತಿಂಗಳೇ ಮುಂದಕ್ಕೆ ಹೋಗಿತ್ತು! ದರ ಏರಿದಾಗ ಕಂತು ಹೆಚ್ಚಿಸಬೇಕೋ, ಅವಧಿ ಹೆಚ್ಚಿಸಬೇಕೋ ಎಂಬ ಆಯ್ಕೆಯನ್ನು ಸಾಲಗಾರರಿಗೆ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2023ರ ಆಗಸ್ಟ್‌ನಲ್ಲಿ ಸೂಚಿಸಿದೆ. ಕೈಗೆ ಬಂದ ವೇತನ ಬಾಕಿಯನ್ನು ನಾನು ಅಸಲಿಗೆ ಕಟ್ಟಿದೆ. ವ್ಯಕ್ತಿಗಳು ಪಡೆದ ಏರಿಳಿಯುವ ದರದ ಮನೆ ಸಾಲವನ್ನು ಮುಂಚಿತವಾಗಿ ತೀರಿಸಿದರೆ ಬ್ಯಾಂಕುಗಳು ದಂಡ ಹಾಕುವಂತಿಲ್ಲ ಎಂಬ ನಿಯಮ 2012ರಲ್ಲೇ ಬಂದಿದೆ. 2025ರಲ್ಲಿ ಸಾಲ ತೀರಿತು.

ಇನ್ನು ಕಾಗದಪತ್ರದ ಮಾತು. ಮನೆಯನ್ನು ಅಡಮಾನವಿಡುವುದೆಂದರೆ ಮೂಲಪತ್ರ, ಕ್ರಯಪತ್ರಗಳನ್ನು ಬ್ಯಾಂಕಿನ ವಶಕ್ಕೆ ಕೊಡುವುದು. ಅದಕ್ಕೆ ಮೊದಲು ಎಲ್ಲದರ ನಕಲು ಮಾಡಿಸಿ. ಕೊಟ್ಟ ಮೂಲಪ್ರತಿಗಳ ಪಟ್ಟಿಗೆ ಬ್ಯಾಂಕಿನ ಮೊಹರು, ಸಹಿ ಪಡೆಯಿರಿ. ಸೀರೆಯ ಮಡಿಕೆಯ ಪಾಠ ಕಲಿತ ಮೇಲೆ ನಮ್ಮ ಮನೆಯಲ್ಲಿ ‘ಒಂದನೇ ಪೆಟ್ಟಿಗೆ’ ಎಂಬ ತಗಡಿನ ಪೆಟ್ಟಿಗೆ ಬಂತು. ಆ ಪಟ್ಟಿ ಅದರಲ್ಲೇ ಇತ್ತು. ಸಾಲ ತೀರಿ ಕಾಗದ ಹಿಂದಕ್ಕೆ ಬಂದಾಗ ಒಂದೊಂದನ್ನೇ ತಾಳೆ ನೋಡಿದೆ. ಒಂದು ಹಳೆಯ ಕ್ರಯಪತ್ರ ಪಟ್ಟಿಯಲ್ಲಿತ್ತು, ಕಟ್ಟಿನಲ್ಲಿರಲಿಲ್ಲ. ಎದೆ ಧಸಕ್ಕೆಂದಿತು. ಪಟ್ಟಿ ತೋರಿಸಿದೆ, ನಾಲ್ಕು ದಿನದಲ್ಲಿ ಪತ್ರ ಕೈ ಸೇರಿತು. ಆ ಪಟ್ಟಿ ಇಲ್ಲದಿದ್ದರೆ ನಾನು ಏನನ್ನು ತೋರಿಸಿ ಕೇಳಬೇಕಿತ್ತು? ಸಾಲ ಪೂರ್ತಿ ತೀರಿದ 30 ದಿನದೊಳಗೆ ಪತ್ರ ಮರಳಿಸಬೇಕು, ಬ್ಯಾಂಕಿನಿಂದಲೇ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು ಎಂಬ ರಿಸರ್ವ್ ಬ್ಯಾಂಕ್ ನಿಯಮ 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ. ಋಣಭಾರ ಪತ್ರದಲ್ಲಿ, ಅಂದರೆ ಇ.ಸಿ.ಯಲ್ಲಿ, ಬ್ಯಾಂಕಿನ ಸಾಲ ನಮೂದಾಗಿದ್ದರೆ ಅದರ ಬಿಡುಗಡೆಯನ್ನೂ ದಾಖಲು ಮಾಡಿಸಲು ಮರೆಯಬೇಡಿ.

ಮನೆ ಬದಲಿಸುವವರಿಗೆ ನನ್ನ ಸೂಚನೆ ಇಷ್ಟೆ. ಪ್ರತಿ ಪೆಟ್ಟಿಗೆಗೂ ಸಂಖ್ಯೆ ಕೊಡಿ, ಎರಡು ಬದಿಗೂ ಬರೆಯಿರಿ. ಒಂದು ನೋಟ್‌ಬುಕ್ಕಿನಲ್ಲಿ ಸಂಖ್ಯೆ, ಯಾವ ಕೋಣೆಗೆ, ಒಳಗೇನಿದೆ ಎಂಬ ಮೂರು ಅಂಕಣ ಹಾಕಿ. ಈ ಕೆಲಸವನ್ನು ಮಕ್ಕಳಿಗೆ ವಹಿಸಿ. ನಮಗಿಂತ ಚೆನ್ನಾಗಿ ಮಾಡುತ್ತಾರೆ. ಮೊದಲ ರಾತ್ರಿಗೆ ಬೇಕಾದ ಬೆಂಕಿಪೆಟ್ಟಿಗೆ, ಬಲ್ಬು, ಔಷಧಿ, ಹಾಲಿನ ಪಾತ್ರೆ, ಶಾಲೆಯ ಸಮವಸ್ತ್ರ ಒಂದೇ ಕಡೆ ಇರಲಿ. ಅಂಕಪಟ್ಟಿ, ಟಿ.ಸಿ., ಆಧಾರ್, ಪಡಿತರ ಚೀಟಿ, ಸಾಲದ ಕಾಗದಗಳಿರುವ ಒಂದನೇ ಪೆಟ್ಟಿಗೆ ಲಾರಿ ಹತ್ತಕೂಡದು, ನಿಮ್ಮ ತೊಡೆಯ ಮೇಲಿರಬೇಕು. ಹೊಸ ಮನೆಗೆ ಬಂದ ತಿಂಗಳೊಳಗೆ ಬ್ಯಾಂಕ್, ಗ್ಯಾಸ್, ಆಧಾರ್, ಮತದಾರರ ಪಟ್ಟಿಗಳಲ್ಲಿ ವಿಳಾಸ ಬದಲಿಸಿ.

ಕೊನೆಗೆ ವಿದ್ಯಾರ್ಥಿಗಳಿಗೆ ಮನೆಗೆಲಸ. ಇದೇ 10 ಲಕ್ಷ, ಶೇ 9, 15 ವರ್ಷದ ಅವಧಿ. ಮೊದಲ ಕಂತಿನಲ್ಲಿ ಅಸಲಿಗೆ ಹೋಗುವುದೆಷ್ಟು? 20 ವರ್ಷದ ಸಾಲದ ಮೊದಲ ಕಂತಿನೊಡನೆ ಹೋಲಿಸಿ. ನಿಮ್ಮ ಮನೆಯಲ್ಲೂ ಸಾಲವಿದ್ದರೆ, ಅಪ್ಪ ಅಮ್ಮನನ್ನು ಕೇಳಿ ಬ್ಯಾಂಕಿನ ಹೇಳಿಕೆ ತೆಗೆಸಿ, ಅದು ಮುಗಿಯುವ ತಿಂಗಳು ಯಾವುದೆಂದು ಗುರುತಿಸಿ. ಲೆಕ್ಕದ ಉತ್ತರ ಮುಂದಿನ ವಾರ.